ಕೂದಲೆಳೆ ತಾತನ ಕೆಂಪು ಗೀಟು

ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬೋಲ್ಟುಗಳ ತಪಾಸಣೆ ಮಾಡಿದ ತಾತನಿಗೆ ಕೆಲಸಗಾರರು ಇಟ್ಟ ಹೆಸರು ಕೂದಲೆಳೆ. ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಪೆನ್ಸಿಲ್ಲಿನ ಗೀಟು ಬಿತ್ತೆಂದೇ ಲೆಕ್ಕ. ಹುಣ್ಣಿಮೆ ಚಂದ್ರನನ್ನು ತಂದು ಮೇಜಿನ ಮೇಲಿಟ್ಟಿದ್ದರೂ ದುಂಡಗಿಲ್ಲವೆಂದು ವಾಪಸು ಕಳಿಸುತ್ತಿದ್ದ ಆಸಾಮಿ.

ನಿವೃತ್ತಿಯಾದ ಮೇಲೆ ತಪಾಸಣೆಗೆ ಉಳಿದದ್ದು ಸ್ವಂತ ಮೈಯೊಂದೇ. ಬಲಗೈ ನಡುಗತೊಡಗಿದಾಗಿನಿಂದ ಅಂಗಿಯ ಗುಂಡಿಗೊಂದು ಬೈಗುಳ, ಚಮಚಕ್ಕೆ ಎರಡು. "ದಂಡಪಿಂಡ, ಯಾಕಾದ್ರೂ ಬದುಕಿದೀಯೋ" ಎಂದು ತಮಗೆ ತಾವೇ ಉಗಿದುಕೊಳ್ಳುತ್ತಿದ್ದರು. ಒಂದು ಸಂಜೆ ಐದು ವರ್ಷದ ಮೊಮ್ಮಗಳು ಹಾಲು ಚೆಲ್ಲಿ, ತನ್ನ ತಲೆಗೆ ತಾನೇ ಮೊಟಕಿಕೊಂಡು ಅದೇ ಮಾತು ಹೇಳಿಕೊಂಡಳು. ಶಾಲೆ ಬಿಟ್ಟ ಮೇಲೆ ಮಗುವನ್ನು ತಾತನ ಬಳಿ ಬಿಡುವುದನ್ನು ಮಗಳು ಅಂದೇ ನಿಲ್ಲಿಸಿದಳು.

"ಬೈಕೊಳ್ಳೋದು ಬಿಡಿ ಅಪ್ಪ. ಆಮೇಲೆ ಕಳಿಸ್ತೀನಿ."

ಹಾಗೆ ತಾತ ಆಸ್ಪತ್ರೆಯ ಮಹಡಿಯ ಮೇಲೆ ನಡೆಯುವ ಹಿರಿಯರ ಕರುಣಾ ಚಿಕಿತ್ಸೆಗೆ ಸೇರಿದ್ದು. ಅಲ್ಲಿ ವಾರಕ್ಕೊಮ್ಮೆ ಎದೆಯ ಮೇಲೆ ಕೈಯಿಟ್ಟು, ಗೆಳೆಯನಿಗೆ ಹೇಳುವಂತೆ ತನಗೇ ನಾಲ್ಕು ಮೆತ್ತನೆಯ ಮಾತು ಹೇಳಿಕೊಳ್ಳಬೇಕು. ಐದು ವಾರ ಕಳೆದರೂ ತಾತನ ಬಾಯಿಂದ ಒಂದೂ ಹೊರಡಲಿಲ್ಲ. ಕೆಟ್ಟ ಮಾಲಿಗೆ ಒಳ್ಳೆಯದೆಂದು ಸಹಿ ಹಾಕಿದಂತಾಗುತ್ತಿತ್ತು.

ಆರನೇ ವಾರಕ್ಕೆ ತಮಗೆ ತಾವೇ ಒಂದು ಕಾಗದ ಬರೆದು ತರಬೇಕಿತ್ತು. ತಾತ ತಂದರು: ಬಲಗೈ, ನಡುಕ. ಮೊಣಕಾಲು, ಸವೆತ. ತಿರಸ್ಕೃತ. ಅಡಿಯಲ್ಲಿ ಕೆಂಪು ಗೀಟು.

ಪಕ್ಕದ ಕುರ್ಚಿಯ ದರ್ಜಿ ಅಜ್ಜಿ ಇಣುಕಿದಳು. "ಏನಣ್ಣ, ಕಾಗದ ಬರೀರಿ ಅಂದ್ರೆ ಗುಜರಿಗೆ ಚೀಟಿ ಬರೆದಿದೀರಲ್ಲ. ಕಾರ್ಖಾನೇಲೂ ಸೊಟ್ಟಗಿದ್ದಿದ್ದೆಲ್ಲ ಗುಜರಿಗೇ ಹಾಕ್ತಿದ್ರಾ?"

"ಎಲ್ಲಾ ಯಾಕೆ? ಉಜ್ಜಿದ್ರೆ ಸರಿಹೋಗೋದಕ್ಕೆ ಬೇರೆ ಟ್ರೇ ಇತ್ತು."

"ಆ ಟ್ರೇ ಮನೆಗೆ ತರೋದು ಮರೆತುಬಿಟ್ರಾ?"

ತಾತನಿಗೆ ಮೈಯೆಲ್ಲ ಉರಿಯಿತು. ಬಟ್ಟೆ ಹೊಲಿಯುವವಳ ಕೈಲಿ ತಪಾಸಣೆ ಕಲಿಯಬೇಕೇ? ಬಸ್ಸಿನಲ್ಲಿ ಇಡೀ ದಾರಿ ಗೊಣಗಿದರು. ಇಳಿಯುವ ಮುಂಚೆ 'ತಿರಸ್ಕೃತ' ಎಂಬುದನ್ನು ಹೊಡೆದುಹಾಕಿ 'ಉಜ್ಜಬೇಕು' ಎಂದು ಗೀಚಿದರು.

ಭಾನುವಾರ ಮಗಳ ಮನೆಯಲ್ಲಿ ತಾತನ ಕೈಯಿಂದ ಲೋಟ ಜಾರಿತು. ಒಂದು ಲೋಟದ ನೀರು ಏಳು ಸಮುದ್ರವಾಗಿ ಮೇಜಿನಿಂದ ಇಳಿಯಿತು. ಮೊಮ್ಮಗಳು ತಾತನ ಬಾಯನ್ನೇ ನೋಡುತ್ತಿದ್ದಳು. ಹಲ್ಲಿನ ತನಕ ಬಂದ ಬೈಗುಳವನ್ನು ತಾತ ಕಹಿ ಮಾತ್ರೆಯಂತೆ ನುಂಗಿದರು.

"ಕೈ ನಡುಗಿತು ಕಂದಾ. ಬಟ್ಟೆ ತಗೊಂಬಾ, ಇಬ್ರೂ ಒರೆಸೋಣ."

ಒರೆಸಿದರು. ಮಗಳು ಬಾಗಿಲಲ್ಲೇ ನಿಂತು ನೋಡಿದಳು. "ಬುಧವಾರ ಇವಳನ್ನ ಒಂದು ಗಂಟೆ ನಿಮ್ಮ ಹತ್ರ ಬಿಟ್ಟು ನೋಡ್ತೀನಿ."

"ಒಂದೇ ಗಂಟೇನಾ?"

"ತಪಾಸಣೆ ಅಪ್ಪ. ಪಾಸಾದ್ರೆ ಎರಡು."