ನನ್ನ ಹಿಂದೆ ಯಾರೂ ಇಲ್ಲ

ನನ್ನನ್ನು ಪುಕ್ಕಲಿ ಎಂದು ಯಾರೂ ಕರೆದವರಿಲ್ಲ. ಕಡಿಯಾಳಿಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿರುವವಳು ನಾನು. ಮದುವೆಯ ಹಿಂದಿನ ದಿನ ಬಂದು "ತೋಳು ಬಿಗಿಯಾಯಿತು" ಎಂದು ಕಣ್ಣು ಕೆಂಪು ಮಾಡುವ ತಾಯಂದಿರನ್ನೇ ಎದುರಿಸಿದ್ದೇನೆ. ಆದರೆ ಶಿರ್ವದ ಆ ಭಾನುವಾರ ನೆನಪಾದರೆ ಈಗಲೂ ಸೂಜಿಗೆ ನೂಲು ಹಾಕಲಿಕ್ಕಾಗುವುದಿಲ್ಲ.

ನಮ್ಮದೊಂದು ಹೆಂಗಸರ ಸ್ಕೂಟರ್ ಕೂಟ ಉಂಟು. ತಿಂಗಳಿಗೊಂದು ಭಾನುವಾರ ಹನ್ನೆರಡು ಮಂದಿ ಸಾಲಾಗಿ ಎಲ್ಲಿಗಾದರೂ ಹೋಗಿ, ತಿಂದು, ಹರಟಿ ಬರುವುದು. ಅಷ್ಟೇ. ಆದರೆ ಕೂಟ ಕಟ್ಟಿದ ಮಣಿಪಾಲದ ಮೇಡಂಗೆ ಅಷ್ಟೇ ಎಂದರೆ ಆಗುವುದಿಲ್ಲ. ಅವರು ಕಾಲೇಜಿನ ಕಚೇರಿಯಲ್ಲಿದ್ದು ನಿವೃತ್ತರಾದವರು. ತಂಗಿಯ ಮನೆಗೆಂದು ಹೊರದೇಶಕ್ಕೆ ಹೋಗಿದ್ದಾಗ, ಅಲ್ಲಿಯ ಮೋಟಾರು ಸಂಘವೊಂದರ ಮುದುಕ ಮುದುಕಿಯರು ಶಿಸ್ತಾಗಿ ಬೈಕ್ ಓಡಿಸುವುದನ್ನು ಕಂಡರಂತೆ. ಆ ಸಂಘದ ನಿಯಮಗಳನ್ನೇ ತಂದು, ಕನ್ನಡಕ್ಕೆ ಇಳಿಸಿ, ಲ್ಯಾಮಿನೇಶನ್ ಮಾಡಿ ನಮ್ಮ ಕುತ್ತಿಗೆಗೆ ಕಟ್ಟಿದರು. "ಪ್ರಪಂಚದಲ್ಲಿ ಎಲ್ಲ ಕಡೆ ಹೀಗೆಯೇ" ಎನ್ನುತ್ತಾರೆ. ನಮ್ಮಲ್ಲಿ ಪ್ರಪಂಚ ಕಂಡವರು ಅವರೊಬ್ಬರೇ, ಹಾಗಾಗಿ ನಾವು ಹೂಂ ಎನ್ನುತ್ತೇವೆ.

ಎಲ್ಲರ ಮುಂದೆ ಮೇಡಂ. ಅವರನ್ನು ನಾವು ತಲೆ ಎನ್ನುತ್ತೇವೆ, ಎದುರಿಗಲ್ಲ. ಎಲ್ಲರ ಕೊನೆಗೆ ಹೋಗುವವಳು ಬಾಲ. ದಾರಿ ತಿರುಗುವಲ್ಲೆಲ್ಲ ಮೇಡಂನ ಬೆನ್ನಿಗೇ ಇರುವವಳು ಸ್ಕೂಟರ್ ಬದಿಗೆ ಹಾಕಿ, ಹಿಂದಿನವರಿಗೆ ಕೈ ನೀಡಿ ದಾರಿ ತೋರಿಸುತ್ತ ನಿಲ್ಲಬೇಕು. ಅವಳು ಕಂಬ. ಬಾಲ ಬಂದು ದಾಟುವವರೆಗೆ ಕಂಬ ಅಲುಗುವ ಹಾಗಿಲ್ಲ. ಯಾರನ್ನು ಎಲ್ಲಿ ನಿಲ್ಲಿಸಿದ್ದಾರೆಂದು ಬಾಲಕ್ಕೆ ಮೊದಲೇ ಗೊತ್ತಿರುವುದಿಲ್ಲ, ಕಂಡಾಗಲೇ ಗೊತ್ತಾಗುವುದು. ಕೊನೆಗೆ ಎಲ್ಲರೂ ಸೇರಿದಲ್ಲಿ ಬಾಲ ಬಂದು "ನನ್ನ ಹಿಂದೆ ಯಾರೂ ಇಲ್ಲ" ಎನ್ನಬೇಕು. ಆ ಮಾತು ಕೇಳಿದ ಮೇಲೆಯೇ ನಾವು ಹೆಲ್ಮೆಟ್ ತೆಗೆಯುವುದು.

ಆ ಸಲ ಬಾಲ ನಾನು. ಆ ಸಲವೇ ಹೊಸಬಳೊಬ್ಬಳು ಸೇರಿದ್ದಳು. ಹೂಡೆಯವಳು, ಬ್ಯಾರಿ ಮುಸ್ಲಿಮರ ಮನೆಯ ಸೊಸೆ, ಗಂಡ ಗಲ್ಫಿನಲ್ಲಿ. ನನ್ನಲ್ಲಿ ಬಟ್ಟೆ ಹೊಲಿಸಲು ಬರುತ್ತಿದ್ದವಳಿಗೆ ಸ್ಕೂಟರಿನ ಹುಚ್ಚು ಹಿಡಿಸಿದ್ದು ನಾನು, ಹೂಡೆಯ ಹೊಳೆಬದಿಯಲ್ಲಿ ಓಡಿಸಲು ಕಲಿಸಿದ್ದೂ ನಾನು. ಎರಡು ಸಲ ತೆಂಗಿನ ಮರಕ್ಕೆ ಅಡ್ಡಬಿದ್ದು ಕಲಿತಳು ಪುಣ್ಯಾತ್ಗಿತ್ತಿ. ಬೆಳಿಗ್ಗೆ ಅವಳನ್ನು ಕರೆಯಲು ಹೋದಾಗ ಅವಳ ಅತ್ತೆ ಗೇಟಿನವರೆಗೆ ಬಂದು ನನ್ನ ಕೈ ಹಿಡಿದುಕೊಂಡರು.

"ಹೈವೇಯಲ್ಲಿ ಅವಳು ಓಡಿಸಿದ್ದೇ ಇಲ್ಲ. ನೀವು ಅವಳ ಹಿಂದೆ ಇರ್ತೀರಲ್ವಾ?"

"ನಾನೇ ಕೊನೆಯವಳಲ್ವಾ ಉಮ್ಮ. ಅವಳನ್ನು ಬಿಟ್ಟು ನಾನು ಎಲ್ಲಿಗೆ ಹೋಗುವುದು?" ಎಂದೆ. ಬಾಯಿಗೆ ಬಂದದ್ದನ್ನು ಹೇಳಿಬಿಡುವುದು ನನ್ನ ಜಾಯಮಾನ.

ಕಟಪಾಡಿಯಲ್ಲಿ ಬಸ್ಸೊಂದು ಪಕ್ಕದಲ್ಲೇ ಹಾರ್ನ್ ಹೊಡೆದಾಗ ಅವಳ ಹೆಗಲು ನಡುಗಿದ್ದು ಹಿಂದಿನಿಂದ ನನಗೆ ಕಂಡಿತು. ಆದರೂ ಬಿಡಲಿಲ್ಲ, ಸುಧಾರಿಸಿಕೊಂಡು ಮುಂದೆ ಹೋದಳು. ಕಾಪುವಿನಲ್ಲಿ ಲೈಟ್‌ಹೌಸ್ ಹತ್ತಿರ ಕೂತು ಬನ್ಸ್ ತಿಂದೆವು. ಅವಳು ಕಡಲಿನೆದುರು ಹೆಲ್ಮೆಟ್ ಹಾಕಿಕೊಂಡೇ ನಿಂತು ನೂರು ಫೋಟೋ ತೆಗೆಸಿಕೊಂಡು ಗಂಡನಿಗೆ ಕಳಿಸಿದಳು.

ಅಲ್ಲಿಂದ ಶಿರ್ವ, ಬೆಳ್ಮಣ್ ಮೇಲಾಗಿ ಕಾರ್ಕಳಕ್ಕೆ ಹೋಗುವುದೆಂದು ಮಾತಾಗಿತ್ತು. ಹೊರಡಬೇಕೆನ್ನುವಾಗ ನಮ್ಮ ಜೊತೆಗಿದ್ದ ಟೀಚರೊಬ್ಬರ ಸ್ಕೂಟರಿನ ಹಿಂದಿನ ಚಕ್ರ ಪಂಕ್ಚರ್. ಹಾಗೆ ಆದವರ ಜೊತೆ ಉಳಿಯುವುದು ಬಾಲದ ಕೆಲಸ. ಉಳಿದವರೆಲ್ಲ ಹೋದರು. ಕಾಪುವಿನ ತಿರುವಿನಲ್ಲಿ ಕಂಬವಾಗಿ ನಿಂತಿದ್ದವಳಿಗೂ "ನೀನು ನಡಿ, ನಾವು ಬರ್ತೇವೆ" ಎಂದೆ. ಪಂಕ್ಚರ್ ಹಾಕಿಸಿ ಆಗುವಾಗ ಮುಕ್ಕಾಲು ಗಂಟೆ ಕಳೆದಿತ್ತು.

"ಇನ್ನು ಆ ಒಳರಸ್ತೆ ಬೇಡ ಮಾರಾಯ್ತಿ" ಎಂದರು ಟೀಚರ್. "ಹೈವೇಯಲ್ಲೇ ಪಡುಬಿದ್ರಿಗೆ ಹೋಗಿ ಕಾರ್ಕಳದ ರಸ್ತೆ ಹಿಡಿಯುವ. ಬೇಗ ಮುಟ್ಟಬಹುದು."

ಹೌದಲ್ಲ ಎನಿಸಿತು. ಹೋದೆವು. ಬೆಳ್ಮಣ್ಣಿನಲ್ಲಿ ನಿಂತಿದ್ದ ಕಂಬ ಸಿಕ್ಕಳು, ಅವಳನ್ನೂ ಕೂಡಿಕೊಂಡೆವು. ನಡುವೆ ಶಿರ್ವ ಎಂಬುದೊಂದು ಉಂಟು, ಅಲ್ಲೂ ಒಂದು ತಿರುವು ಉಂಟು, ಅಲ್ಲಿ ಒಬ್ಬಳು ನಮಗಾಗಿ ನಿಂತಿರಲೇಬೇಕು ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಕಾರ್ಕಳದ ಹೋಟೆಲಿನ ಮುಂದೆ ಮೇಡಂ ಕಾಯುತ್ತಿದ್ದರು. "ಹಿಂದೆ?" ಎಂದು ಕೇಳಿದರು.

"ನನ್ನ ಹಿಂದೆ ಯಾರೂ ಇಲ್ಲ" ಎಂದೆ, ಘನಂದಾರಿ ಕೆಲಸ ಮಾಡಿ ಬಂದವಳ ಹಾಗೆ.

ಎಲ್ಲರೂ ಹೆಲ್ಮೆಟ್ ತೆಗೆದರು. ಒಳಗೆ ಹನ್ನೆರಡು ಎಲೆ ಹಾಕಿದರು. ನನ್ನ ಎದುರಿನ ಎಲೆಗೆ ಯಾರೂ ಬರಲಿಲ್ಲ. ಕೈ ತೊಳೆಯಲು ಹೋಗಿರಬೇಕು ಎಂದುಕೊಂಡೆವು. ಪಲ್ಯ ಬಂತು, ಅನ್ನ ಬಂತು. ಆಗ ಮೇಡಂ ಕೈ ನಿಲ್ಲಿಸಿ ಸುತ್ತ ನೋಡಿ, "ಹೂಡೆಯವಳೆಲ್ಲಿ? ಅವಳನ್ನು ಶಿರ್ವದಲ್ಲಿ ನಿಲ್ಲಿಸಿದ್ದೆನಲ್ಲ" ಎಂದರು.

ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ, ಅದೇ ಹೆಂಗಸಿನ ಅದೇ ದನಿ. ಮೂರನೆಯ ಸಲ ಮಾಡುವಷ್ಟರಲ್ಲಿ ನನ್ನ ಫೋನೇ ಹೊಡೆದುಕೊಂಡಿತು. ಅವಳ ಅತ್ತೆ.

"ಅವಳಿಗೆ ಫೋನ್ ಹೋಗ್ತಾ ಇಲ್ಲ. ಎಲ್ಲಿದ್ದಾಳೆ?"

"ಇಲ್ಲೇ, ನನ್ನ ಎದುರೇ ಊಟಕ್ಕೆ ಕೂತಿದ್ದಾಳೆ ಉಮ್ಮ. ಚಾರ್ಜ್ ಮುಗಿದದ್ದು."

"ಒಮ್ಮೆ ಕೊಡಿ ಅವಳಿಗೆ."

"ಈಗ ಕೈ ತೊಳೆಯಲು ಎದ್ದಳು. ಮತ್ತೆ ಮಾಡಿಸ್ತೇನೆ."

ಖಾಲಿ ಎಲೆಯನ್ನು ನೋಡುತ್ತ ಹೇಳಿದ ಸುಳ್ಳು. ಮೇಡಂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. "ನಾನೂ ಬರ್ತೇನೆ" ಎಂದು ಅವರು ಏಳುವಷ್ಟರಲ್ಲಿ ನಾನು ಸ್ಕೂಟರ್ ಹತ್ತಿಯಾಗಿತ್ತು.

ಬೆಳ್ಮಣ್ಣಿನಲ್ಲಿ ರಿಕ್ಷಾದವರೊಬ್ಬರ ಹತ್ತಿರ ನಿಲ್ಲಿಸಿ, ಈ ದಾರಿಯಾಗಿ ಸ್ಕೂಟರಿನಲ್ಲಿ ಒಬ್ಬಳು ಹೆಂಗಸು ಹೋದದ್ದು ಕಂಡಿರಾ ಎಂದು ಕೇಳಿದೆ.

"ಶಿರ್ವದ ಆಚೆ ಒಬ್ಬರು ಹೆಂಗಸು ಸ್ಕೂಟರಿನಿಂದ ಬಿದ್ದದ್ದಂತೆ ಅಕ್ಕ. ಆಸ್ಪತ್ರೆಗೆ ಕೊಂಡುಹೋದರಂತೆ."

"ಎಂತ ಬಣ್ಣದ ಸ್ಕೂಟರ್? ಪ್ರಾಯ ಎಷ್ಟು?"

"ನಾನು ಕಂಡದ್ದಲ್ಲ. ಪೆಟ್ಟು ಜೋರುಂಟಂತೆ."

ಅಲ್ಲಿಂದ ಶಿರ್ವದವರೆಗೆ ನಾನು ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ನಾನು ಬರಲಿಲ್ಲವೆಂದು ಅವಳು ಹುಡುಕಿಕೊಂಡು ಹಿಂದೆ ಹೊರಟಿರಬೇಕು, ಗಾಬರಿಯಲ್ಲಿ ಬಿದ್ದಿರಬೇಕು ಎಂದೇ ತೀರ್ಮಾನಿಸಿದ್ದೆ. ಉಮ್ಮನಿಗೆ ಏನು ಹೇಳಲಿ? ಆ ಗಂಡ ಅಲ್ಲಿ ಕೂತು ಅವಳ ಫೋಟೋ ನೋಡುತ್ತಿರುತ್ತಾನಲ್ಲ, ಅವನಿಗೆ ಯಾರು ಹೇಳುವುದು? ಕಡಿಯಾಳಿಯ ಅಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡೆ. ಸಾಲದೆಂದು ಅವಳ ದೇವರಲ್ಲೂ ಬೇಡಿಕೊಂಡೆ. ಅವಳೊಬ್ಬಳು ಉಳಿಯಲಿ, ಬೇರೆ ಯಾರಾದರೂ ಆಗಿರಲಿ ಎಂದು ಬೇಡಿದ್ದು. ಎಂಥ ಪ್ರಾರ್ಥನೆ ಅದು, ಛೆ.

ಶಿರ್ವದ ತಿರುವಿನಲ್ಲಿ ಅವಳು ನಿಂತಿದ್ದಳು.

ಹೆಲ್ಮೆಟ್ ತೆಗೆದಿರಲಿಲ್ಲ. ಎರಡೂವರೆ ಗಂಟೆಯ ಬಿಸಿಲಿಗೆ ಕುರ್ತಾ ಬೆನ್ನಿಗೆ ಅಂಟಿತ್ತು. ಮುಖ ಕಾಪುವಿನ ರಸ್ತೆಯ ಕಡೆಗೆ, ನನಗೆ ಬೆನ್ನು. ನೀಡಿದ ಕೈ ಮಾತ್ರ ನಾನು ಬರುತ್ತಿದ್ದ ದಾರಿಯನ್ನೇ ತೋರಿಸುತ್ತಿತ್ತು. ನೋವಾಗಿರಬೇಕು, ಇನ್ನೊಂದು ಕೈಯಿಂದ ಮೊಣಕೈಗೆ ಆನಿಸಿ ಹಿಡಿದುಕೊಂಡಿದ್ದಳು. ಕರೆದೆ. ತಿರುಗಿದವಳು ಓಡಿ ಬಂದು ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿ ಗಳಗಳನೆ ಅತ್ತಳು.

"ನೀವೇ ಬಿದ್ದದ್ದು ಅಂತ ತಿಳಿದೆ ಅಕ್ಕ! ಆಚೆ ಯಾರೋ ಬಿದ್ದರು ಅಂದರು. ಬಂದವರಲ್ಲೆಲ್ಲ ಕೇಳಿದೆ, ಯಾರಿಗೂ ಸರಿ ಗೊತ್ತಿಲ್ಲ. ಹೋಗಿ ನೋಡುವ ಅಂದರೆ, ಅಷ್ಟರಲ್ಲಿ ನೀವು ಬಂದು ದಾರಿ ತೋರಿಸಲು ಯಾರೂ ಇಲ್ಲದಿದ್ದರೆ? ಫೋನ್ ಬೇರೆ ಸತ್ತಿತ್ತು. ನಿಮಗೆ ಏನಾದರೂ ಆಗಿದ್ದರೆ ನಾನು ಎಂತ ಮಾಡುವುದು ಹೇಳಿ!"

ಅವಳು ಕಣ್ಣೊರೆಸಿಕೊಂಡು ನನ್ನ ಸ್ಕೂಟರನ್ನು ನೋಡಿದಳು, ಅದು ಮುಖ ಮಾಡಿದ್ದ ದಿಕ್ಕನ್ನು ನೋಡಿದಳು.

"ಅಕ್ಕ, ನೀವು ಆ ಕಡೆಯಿಂದ ಹೇಗೆ ಬಂದದ್ದು?"

ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಎಲ್ಲ ಹೇಳಿದೆ. ಪಡುಬಿದ್ರಿಯಾಗಿ ಹೋದದ್ದು, ಹಿಂದೆ ಯಾರೂ ಇಲ್ಲ ಎಂದದ್ದು, ಎಲೆ ಹಾಕಿ ಊಟಕ್ಕೆ ಕೂತದ್ದು, ಉಮ್ಮನಿಗೆ ಹೇಳಿದ ಮಾತು. ಅವಳ ಅಳು ನಿಂತಿತು. ನನ್ನ ಫೋನ್ ತೆಗೆದುಕೊಂಡು ಅತ್ತೆಗೆ ಮಾಡಿದಳು. ಬ್ಯಾರಿ ಭಾಷೆಯಲ್ಲಿ ಮಾತಾಡಿದರೂ ನನಗೆ ಅರ್ಥವಾಯಿತು. ಊಟ ಆಯಿತು ಎಂದಳು, ಅಕ್ಕ ನನ್ನ ಹಿಂದೆಯೇ ಇದ್ದರು ಎಂದಳು. ಮುಖ ನೋಡದೆ ಫೋನ್ ವಾಪಸು ಕೊಟ್ಟಳು.

"ಕಾರ್ಕಳಕ್ಕೆ ಬೇಡ, ಮನೆಗೆ ಹೋಗುವ" ಎಂದಳು.

"ಆಯಿತು ಮಗಾ. ನೀನು ಹೊರಡು, ನಾನು ಹಿಂದೆ ಬರ್ತೇನೆ."

"ಬೇಡ ಅಕ್ಕ. ನೀವು ಮುಂದೆ ಹೋಗಿ, ನನಗೆ ಕಾಣುವ ಹಾಗೆ."

ಮೇಡಂಗೆ ಫೋನಿನಲ್ಲಿ ವಿಷಯ ತಿಳಿಸಿ, ಹಾಗೆಯೇ ಹೋದೆ. ಹೂಡೆ ಮುಟ್ಟುವವರೆಗೂ ಕನ್ನಡಿಯಲ್ಲಿ ಅವಳ ಹೆಲ್ಮೆಟ್ ಕಾಣುತ್ತಿತ್ತು. ಒಮ್ಮೆಯೂ ಹಿಂದಕ್ಕೆ ತಿರುಗಿ ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.