ನೂರನೆಯ ಬೆಟ್ಟದ ಎರಡು ಕಲ್ಲುಗಳು

ಬಾನ್ ದಲ್-ಸು ನೀರು ಸರಬರಾಜು ಕಚೇರಿಯಿಂದ ನಿವೃತ್ತರಾಗಿ ಆರು ವರ್ಷವಾಯಿತು. ಈಗಲೂ ‘ಮುಖ್ಯಸ್ಥರೇ’ ಎಂದು ಕರೆಯದಿದ್ದರೆ ತಿರುಗಿ ನೋಡುವುದಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ‘ಸ್ವತಂತ್ರ ಪರ್ವತಾರೋಹಿ’ ಎಂದು ಅಚ್ಚು ಹಾಕಿಸಿಕೊಂಡಿದ್ದಾರೆ. ಸ್ವತಂತ್ರ ಎಂದರೆ, ಉಳಿದವರು ಬಾಡಿಗೆ ಬಸ್ಸಿನಲ್ಲಿ ಹಾಡಿಕೊಂಡು ಹೋಗುವಾಗ ಇವರು ಸರ್ವಿಸ್ ಬಸ್ಸಿನಲ್ಲಿ ಮುಖ ಗಂಟಿಕ್ಕಿಕೊಂಡು ಒಬ್ಬರೇ ಹೋಗುತ್ತಾರೆ.

ಹೀಗೆ ತೊಂಬತ್ತೊಂಬತ್ತು ಬೆಟ್ಟ ಹತ್ತಿದ್ದಾರೆ. ಹತ್ತುವುದೆಂದರೆ, ಶಿಖರದಲ್ಲಿ ಬೆಟ್ಟದ ಹೆಸರು ಕೊರೆದ ಕಲ್ಲಿನ ಪಕ್ಕ ಪರ್ವತಾರೋಹಿ ಸಂಘದ ಕೆಂಪು ಟವೆಲ್ ಹಿಡಿದು, ಮುಖ ಕಾಣುವಂತೆ ಫೋಟೊ ತೆಗೆಸಿಕೊಂಡು ಕಳಿಸುವುದು. ಸಂಘ ಒಪ್ಪಿದರೆ ಮಾತ್ರ ಬೆಟ್ಟ ಹತ್ತಿದಂತೆ. ದಾರಿಯಲ್ಲಿ ಸಿಗುವ ಬೌದ್ಧ ದೇವಾಲಯಗಳಲ್ಲಿ ಅವರಿಗೆ ಎರಡೇ ಬಗೆ: ಶೌಚಾಲಯ ಇರುವಂಥವು, ಇಲ್ಲದಂಥವು.

ಕಳೆದ ಅಕ್ಟೋಬರಿನ ಶನಿವಾರವೊಂದರಂದು ನೂರನೆಯ ಬೆಟ್ಟಕ್ಕೆ ಹೊರಟರು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ರಾಜಧಾನಿ ಸೋಲ್‌ನಲ್ಲಿ ಸಂಘದ ವಾರ್ಷಿಕ ಸಭೆ; ನೂರು ಮುಗಿಸಿದವರಿಗೆ ಅಲ್ಲಿ ಪದಕ. ಒಂದು ಕಾಲದಲ್ಲಿ ಇವರ ಕೈಕೆಳಗಿದ್ದ ಮಾ ಚಾಂಗ್-ಗುನ್ ಹಿಂದಿನ ವಾರವೇ ಮುಗಿಸಿದ್ದ. ಅವನು ವೇದಿಕೆ ಹತ್ತುವುದನ್ನು ಕೆಳಗೆ ಕೂತು ನೋಡುವುದು ಬಾನ್ ಅವರಿಂದ ಆಗದ ಮಾತು.

ಬೆಟ್ಟದ ಬುಡಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ತೋಫು ಮಾರುವ ತಾಕ್ ಬುನ್-ಇ.

“ಅಣ್ಣಾ, ದೇವಸ್ಥಾನದಲ್ಲಿ ಊಟ ಹಾಕ್ತಾರೆ. ಉಂಡು ಹತ್ತಿ.”

“ನಾನು ಊಟಕ್ಕೆ ಬಂದೋನಲ್ಲಮ್ಮ. ಹತ್ತೋಕೆ ಬಂದೋನು.”

“ಹತ್ತೋರೂ ಉಣ್ತಾರಪ್ಪ!” ಆಕೆ ನಕ್ಕರು. “ಹೊಟ್ಟೇನ ಮನೇಲಿ ಬಿಟ್ಟು ಬಂದಿದೀರಾ?”

ಬಾನ್ ಕಿಟಕಿಯ ಕಡೆ ತಿರುಗಿದರು.

ಆ ಬೆಟ್ಟ ಎರಡು ಜಿಲ್ಲೆಗಳ ಗಡಿಯಲ್ಲಿದೆ. ಶಿಖರ ತಮ್ಮದೆಂದು ಎರಡೂ ಜಿಲ್ಲೆಯವರು ಒಂದೊಂದು ಕಲ್ಲು ನೆಟ್ಟಿದ್ದಾರೆ, ನಡುವೆ ಮೂವತ್ತು ಹೆಜ್ಜೆ. ಹಳೆಯದು ಮೊಣಕಾಲೆತ್ತರ, ಬೂದು ಬಣ್ಣ. ಹೊಸದು ಆಳೆತ್ತರ, ಮುಖ ಕಾಣುವಷ್ಟು ಹೊಳಪು. ಸಂಘ ಒಪ್ಪುವುದು ಹಳೆಯದನ್ನು. ಹಾಗೆಂದು ಪ್ರಕಟಣೆಯೂ ಇದೆ. ಆದರೆ ಬಾನ್ ಮೂವತ್ತು ವರ್ಷ ಪ್ರಕಟಣೆ ಹೊರಡಿಸಿದವರು, ಓದಿದವರಲ್ಲ. ಹೊಸ ಕಲ್ಲಿನ ಮುಂದೆ ಸಾಲಿತ್ತು. ಸಾಲಿದ್ದ ಕಡೆ ನಿಂತರು, ಮುಂದಿದ್ದವರನ್ನು ಗದರಿಸಿದರು, ಫೋಟೊ ತೆಗೆಸಿಕೊಂಡು ಇಳಿದರು.

ನಾಲ್ಕು ನಲವತ್ತರ ಕೊನೆಯ ಬಸ್ಸಿನಲ್ಲಿ ಕೂತು ಫೋಟೊ ಕಳಿಸಿದರು. ಎರಡೇ ನಿಮಿಷದಲ್ಲಿ ಅದು ತಿರಸ್ಕೃತವಾಯಿತು. ಸಂಘಕ್ಕೆ ಫೋನ್ ಮಾಡಿದರು.

“ನಾನು ಅಲ್ಲೇ ಇದ್ದೆನಮ್ಮ! ಆ ಕಲ್ಲಿಗೂ ಈ ಕಲ್ಲಿಗೂ ಮೂವತ್ತು ಹೆಜ್ಜೆ!”

“ಹಾಗಾದ್ರೆ ಆ ಮೂವತ್ತು ಹೆಜ್ಜೆ ನಡೀಬೇಕಿತ್ತು, ಸರ್,” ಎಂದಳು ಆ ಕಡೆಯ ಹುಡುಗಿ.

ಹಿಂದಿನ ಸೀಟಿನಿಂದ ತಾಕ್ ಬುನ್-ಇ ಬಗ್ಗಿದರು. ಉಂಡ ಮೇಲೆ ಅವರೂ ನಿಧಾನವಾಗಿ ಶಿಖರಕ್ಕೆ ಹೋಗಿ ಬಂದಿದ್ದರು.

“ಯಾವ್ದು, ಆ ಗಿಡ್ಡ ಕಲ್ಲಾ? ಸಾಲಲ್ಲಿ ನಿಂತಾಗ ನಿಮ್ಮ ಚೀಲ ಅದರ ಮೇಲೇ ಇಟ್ಟಿದ್ರಲ್ಲ ಅಣ್ಣಾ!”

ಬಸ್ಸಿಡೀ ನಕ್ಕಿತು. ಬಾನ್ ಚೀಲ ಹೆಗಲಿಗೇರಿಸಿ ಬಾಗಿಲಿಗೆ ನಡೆದರು.

“ಇನ್ನು ನಾಳೇನೇ ಬಸ್ಸು,” ಎಂದ ಡ್ರೈವರ್.

“ಗೊತ್ತು.”

“ಗೊತ್ತಿದ್ದೂ ಇಳೀತೀರಾ? ಇಳೀರಿ ಮತ್ತೆ, ಬಾಗಿಲು ಹಾಕ್ಬೇಕು.”

ಎರಡು ಗಂಟೆ ಹತ್ತಿ, ಮಬ್ಬು ಬೆಳಕಿನಲ್ಲಿ ಗಿಡ್ಡ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತಮ್ಮ ಫೋಟೊ ತಾವೇ ತೆಗೆದುಕೊಂಡರು. ಫ್ಲ್ಯಾಶಿಗೆ ಕಣ್ಣು ಮುಚ್ಚಿತ್ತು; ಮುಖ ಕಾಣುತ್ತಿತ್ತು. ಸಂಘ ಒಪ್ಪಿತು. ಟಾರ್ಚ್ ಹಿಡಿದು ಇಳಿದು ಬಂದವರಿಗೆ ದೇವಾಲಯದವರು ಕೋಣೆ ಕೊಟ್ಟರು, ಅನ್ನವನ್ನೂ ಕೊಟ್ಟರು. ಬಾನ್ ಎರಡು ಸಲ ಬಡಿಸಿಕೊಂಡರು.

ಭಾನುವಾರ ಆ ಊರಿಗೆ ಮೊದಲ ಬಸ್ಸು ಮಧ್ಯಾಹ್ನ ಹನ್ನೆರಡೂವರೆಗೆ. ಇದ್ದ ಒಂದೇ ಟ್ಯಾಕ್ಸಿ ಮದುವೆಗೆ ಹೋಗಿತ್ತು. ಸ್ವತಂತ್ರ ಪರ್ವತಾರೋಹಿ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದಾಗ ಫೋನಿನಲ್ಲಿ ಸಂಘದ ಗುಂಪಿಗೆ ಫೋಟೊ ಬಂತು. ವೇದಿಕೆಯ ಮೇಲೆ ಮಾ ಚಾಂಗ್-ಗುನ್, ಕೊರಳಲ್ಲಿ ಎರಡು ಪದಕ.

“ಮುಖ್ಯಸ್ಥರ ಪರವಾಗಿ ಅವರದ್ದೂ ನಾನೇ ಹಾಕ್ಕೊಂಡೆ,” ಎಂದು ಕೆಳಗೆ ಬರೆದಿದ್ದ. “ನನಗೆ ಚೆನ್ನಾಗಿ ಒಪ್ಪುತ್ತೆ ಅಂತಿದ್ದಾರೆ ಎಲ್ಲರೂ.”

ನಲವತ್ತೆರಡು ಮಂದಿ ಮೆಚ್ಚಿದ್ದರು. ಬಾನ್ ಬಹಳ ಹೊತ್ತು ನೋಡಿ, ತಾವೂ ಮೆಚ್ಚುಗೆಯ ಹೆಬ್ಬೆರಳು ಒತ್ತಿದರು. ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು.