ನಿಂಬೆಗಿಡದ ಬಳಿ ನಿಲ್ಲುತ್ತಿದ್ದ ರೈಲು

ನಮ್ಮ ಪಕ್ಕದ ಮನೆಯ ಬಾಯ್ಲರಣ್ಣ ಮೂವತ್ತೊಂದು ವರ್ಷ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಬೆ ಮಾಡಿದವರು. ಬಾಯ್ಲರ್ ಕೋಣೆ ಈಚೆ, ನಡುವೆ ದಪ್ಪ ಗೋಡೆ, ಆಚೆ ಹಾಸಿಗೆಯ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಉದ್ದನೆಯ ಕೋಣೆ. ಅಣ್ಣ ಮಾಡಿದ ಹಬೆಯೆಲ್ಲ ಮುಂಗೈ ದಪ್ಪದ ಒಂದು ಪೈಪಿನಲ್ಲಿ ಗೋಡೆ ದಾಟಿ ಹೋಗುತ್ತಿತ್ತು. ಹೋದದ್ದು ಹೋಯಿತು. ಅದು ಅಲ್ಲಿ ಏನು ಮಾಡಿತೆಂದು ಅವರು ನಿಂತು ನೋಡಿದವರಲ್ಲ. ಉರಿಯುವ ಬೆಂಕಿ ಬಿಟ್ಟು ಬರುವ ಹಾಗಿರಲಿಲ್ಲ.

ಆಚೆಯಿಂದ ಬರುತ್ತಿದ್ದ ಸುದ್ದಿಯೆಂದರೆ ಪೈಪಿನ ಸದ್ದು ಮಾತ್ರ. ಇಸ್ತ್ರಿ ಯಂತ್ರದವರು ಸ್ಪ್ಯಾನರಿನಿಂದ ಪೈಪಿನ ಮೇಲೆ ಒಂದು ಸಲ ತಟ್ಟಿದರೆ ಸಾಕು ಎಂದರ್ಥ, ಎರಡು ಸಲ ತಟ್ಟಿದರೆ ಇನ್ನೂ ಬೇಕು. ತಟ್ಟುವವರಲ್ಲಿ ಒಬ್ಬರ ಕೈ ಮಾತ್ರ ಬೇರೆಯೇ. ಟಣ್ ಟಣ್ ಎಂದು, ತಡವಾಯಿತು ಎಂದು ಬೈದ ಹಾಗೆ. ಒಂದು ವರ್ಷ ಆ ಸದ್ದು ಕೇಳಿದ ಮೇಲೆ, ಊಟದ ಸಾಲಿನಲ್ಲಿ ನಿಂತ ಹೆಂಗಸೊಬ್ಬರು ಬಡಿಸುವವನು ತಡಮಾಡಿದನೆಂದು ಚಮಚದಿಂದ ತಟ್ಟೆಯನ್ನು ಹಾಗೆಯೇ ತಟ್ಟಿದರಂತೆ. ಅಣ್ಣ ಹಿಂದಿನಿಂದ, "ಇಡೀ ದಿನ ಸಾಲದು ಸಾಲದು ಅನ್ನೋರು ನೀವೇನಾ?" ಎಂದು ಕೇಳಿದರಂತೆ.

ಆ ಹೆಂಗಸೇ ನಮ್ಮ ಅತ್ತಿಗೆ.

ಇಬ್ಬರೂ ನಿವೃತ್ತರಾದ ಮೇಲೆ ಅಣ್ಣ ಒಂದು ಮರದ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಹೊರಗೆ ತೆಗೆದರು. ಅದರೊಳಗೆ ಒಂಬತ್ತು ವರ್ಷ ರಜೆಯ ದಿನಗಳಲ್ಲಿ ಕೂತು ಮಾಡಿದ ಪುಟ್ಟ ಉಗಿಬಂಡಿ. ಉದ್ದ ಒಂದು ಮೊಳ. ತಾಮ್ರದ ಬಾಯ್ಲರ್, ಹಬೆಯ ಒತ್ತಡ ತೋರಿಸುವ, ಅಂಗಿ ಗುಂಡಿಯಷ್ಟು ದೊಡ್ಡ ಮುಳ್ಳಿನ ಮಾಪಕ, ಹೊಟ್ಟೆಯ ಕೆಳಗೆ ಸ್ಪಿರಿಟ್ ದೀಪ. ಆಟಿಕೆಯಲ್ಲ. ನೀರು ಕುದಿಸಿ, ನಿಜವಾದ ಹಬೆಯ ಬಲದಿಂದಲೇ ಓಡುವಂಥದ್ದು. ಹಳಿ ಇಲ್ಲದ್ದರಿಂದ ಅದು ಒಂದು ಗೇಣೂ ಓಡಿರಲಿಲ್ಲ.

"ನಾನು ಕಳಿಸಿದ ಹಬೆ ಒಂದು ಸಲ ಸುತ್ತು ಹಾಕಿ ನನ್ನ ಹತ್ರಾನೇ ವಾಪಸ್ ಬರೋದನ್ನ ನೋಡ್ಬೇಕು ತಂಗಿ," ಎಂದು ಅವರು ನನಗೆ ಹೇಳಿದರು. ನಮ್ಮಿಬ್ಬರ ಹಿತ್ತಲ ನಡುವಿನ ಗೋಡೆ ಎದೆಯೆತ್ತರದ್ದು. ಬೆಳಗಿನ ಪ್ರಾರ್ಥನೆ ಮುಗಿಸಿ ನಾನು ಅಲ್ಲಿ ನಿಂತರೆ ಆ ಮನೆಯ ಮಾತು ತಾನಾಗಿ ಕಿವಿಗೆ ಬೀಳುತ್ತದೆ.

ಹಿತ್ತಲು ಅತ್ತಿಗೆಯದು. ಬೇರೆಯವರ ಹಾಸಿಗೆ ಬಟ್ಟೆಯನ್ನು ಇಪ್ಪತ್ತಾರು ವರ್ಷ ಯಂತ್ರದಲ್ಲಿ ಒಣಗಿಸಿದ ಅವರಿಗೆ ತಮ್ಮ ಬಟ್ಟೆ ಬಿಸಿಲಿನಲ್ಲೇ ಒಣಗಬೇಕೆಂಬ ಹಟ. ಅದಕ್ಕಾಗಿ ಉದ್ದಕ್ಕೂ ಹಗ್ಗ ಕಟ್ಟಿಸಿಕೊಂಡಿದ್ದರು. ಅಣ್ಣ ಹಳಿ ಹಾಕಲು ಅಲ್ಲಿ ಜಾಗ ಕೇಳಿದಾಗ ಅವರು ಕೈಯಲ್ಲಿದ್ದ ಕ್ಲಿಪ್ಪಿನ ಚೀಲ ಕೆಳಗಿಡಲಿಲ್ಲ.

"ಮನುಷ್ಯರ ಬಟ್ಟೆಗೆ ಜಾಗ ಇಲ್ಲ, ರೈಲಿಗೆ ಬೇಕಂತೆ. ಹಳೀನ ನೆಲದ ಮೇಲೆ ಹಾಕ್ಕೊಳ್ಳಿ. ನನ್ನ ಹಗ್ಗ ಮೇಲಿರುತ್ತೆ."

"ನೆಲದ ಮೇಲೆ ಆಗಲ್ಲ ಕಣೆ. ಮಣ್ಣಿನ ಹರಳು ಗಾಲಿಗೆ ಹೋಗುತ್ತೆ. ನೀರು, ಎಣ್ಣೆ ಹಾಕೋದು, ದೀಪ ಹಚ್ಚೋದು ಎಲ್ಲ ಬಗ್ಗಿ ಮಾಡ್ಬೇಕು. ನನ್ನ ಮಂಡಿ ಏನಾಗ್ಬೇಕು? ಸೊಂಟದೆತ್ತರಕ್ಕೆ ಕಂಬ ನಿಲ್ಲಿಸ್ತೀನಿ."

"ಸೊಂಟದೆತ್ತರಕ್ಕೆ ಹಳಿ ಬಂದ್ರೆ ನನ್ನ ಬೆಡ್‌ಶೀಟು ಅದರ ಮೇಲೇ ಮಲಗುತ್ತೆ."

ಕೊನೆಗೆ ಒಪ್ಪಂದವಾಯಿತು. ಮಳೆ ಶುರುವಾಗುವುದರೊಳಗೆ, ಒಂದು ಬೆರಳೂ ತಾಕಿಸದೆ ರೈಲು ಮೂರು ಸುತ್ತು ಬರಬೇಕು. ಬಾರದಿದ್ದರೆ ಕಂಬಗಳನ್ನು ಕಿತ್ತು ಹಗ್ಗ ಇದ್ದ ಹಾಗೆ ಕಟ್ಟಿಕೊಡಬೇಕು, ಬಂಡಿ ಮತ್ತೆ ಮಂಚದ ಕೆಳಗೆ. ಅಣ್ಣ ನನ್ನನ್ನೇ ಸಾಕ್ಷಿ ಮಾಡಿದರು.

ಗುಜರಿ ಅಂಗಡಿಯಿಂದ ಕಬ್ಬಿಣದ ಪೈಪುಗಳು ಬಂದವು. ಇಪ್ಪತ್ತು ಗುಂಡಿ ತೋಡಿ, ಇಪ್ಪತ್ತು ಕಂಬ ನೆಟ್ಟು, ಬುಡಕ್ಕೆ ಕಾಂಕ್ರೀಟು ಹಾಕಿದರು. ಮೊದಲನೆಯ ಕಂಬ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಅಲ್ಲಿಂದ ಮೊಟ್ಟೆಯಾಕಾರದಲ್ಲಿ ಸಾಗಿ ನಿಂಬೆಗಿಡವನ್ನು ಬಳಸಿಕೊಂಡು ಮತ್ತೆ ಕಲ್ಲಿಗೇ ಬರುವ ದಾರಿ. ಈ ಕೆಲಸದ ಜೀವ ಇರುವುದು ಮಟ್ಟದಲ್ಲಿ. ಇಷ್ಟು ಚಿಕ್ಕ ಬಂಡಿಗೆ ಒಂದು ಬೆರಳಿನಷ್ಟು ಏರಿದರೂ ಅದು ಬೆಟ್ಟವೇ. ಅಣ್ಣ ಪರಿಚಯದ ಗಾರೆ ಮೇಸ್ತ್ರಿಯಿಂದ ಮಟ್ಟದ ಪೈಪು ತಂದರು. ಅದು ಒಳಗಿನ ನೀರು ಕಾಣುವ ಉದ್ದನೆಯ ಪ್ಲಾಸ್ಟಿಕ್ ಪೈಪು. ಒಂದು ತುದಿ ಮೊದಲನೆಯ ಕಂಬಕ್ಕೆ, ಇನ್ನೊಂದು ಉಳಿದ ಕಂಬಗಳಿಗೆ ಒಂದೊಂದಾಗಿ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ ಕಂಬ ಕೊಯ್ಯುವುದು. ಮೊದಲ ದಿನ ಹನ್ನೆರಡು ಕಂಬ, ಮರುದಿನ ಎಂಟು.

"ನೀರನ್ನ ನಂಬಬಹುದು ತಂಗಿ," ಎನ್ನುತ್ತಿದ್ದರು. "ಹಬೇನೇ ಕೈಕೊಡೋದು."

ಕಂಬಗಳ ಮೇಲೆ ಹಲಗೆ, ಹಲಗೆಯ ಮೇಲೆ ಹಿತ್ತಾಳೆಯ ಹಳಿ. ಮೊದಲ ಓಟದ ದಿನ ಬಂಡಿ ಚುರ್ರೆಂದು ಬಿಸಿನೀರು ಉಗುಳಿ, ಹಿಂದೆ ಸಿಕ್ಕಿಸಿದ ನಾಲ್ಕು ಪುಟ್ಟ ರೈಲು ಡಬ್ಬಿ ಎಳೆದುಕೊಂಡು ಠೀವಿಯಿಂದ ಹೊರಟಿತು. ನಿಂಬೆಗಿಡದ ಬಳಿ ಉಸಿರು ಕಟ್ಟಿದ ಹಾಗೆ ನಿಧಾನವಾಗಿ, ನಿಂತೇ ಬಿಟ್ಟಿತು. ಅಣ್ಣ ಬೆರಳಿನಿಂದ ದೂಡಿದರು. ಮುಂದೆ ಸಲೀಸಾಗಿ ಹೋಗಿ, ಒಗೆಯುವ ಕಲ್ಲಿನ ಬಳಿ ಬಿದ್ದೆನೋ ಸತ್ತೆನೋ ಎಂದು ಓಡಿತು. ಮತ್ತೆ ಸುತ್ತಿ ನಿಂಬೆಗಿಡದ ಬಳಿ ನಿಂತಿತು.

"ಹಬೆ ಸಾಲ್ತಿಲ್ಲ," ಎಂದರು ಅಣ್ಣ.

ಆಮೇಲಿನ ಎರಡು ತಿಂಗಳು ಅವರು ಹಬೆಯ ಹಿಂದೆ ಬಿದ್ದರು. ದೀಪದ ಬತ್ತಿ ಬದಲಾಯಿಸಿದರು. ಬಾಯ್ಲರಿಗೆ ದಪ್ಪ ಬಟ್ಟೆ ಸುತ್ತಿದರು. ಒಂದು ಸಲ ದೀಪ ಎಷ್ಟು ದೊಡ್ಡದು ಮಾಡಿದರೆಂದರೆ ಒಂದು ಹುಬ್ಬು ಸುಟ್ಟುಹೋಯಿತು. ರೈಲು ಮಾತ್ರ ನಿಂಬೆಗಿಡದ ಬಳಿ ಇಳಿಯುವವರು ಯಾರೋ ಇದ್ದಾರೆ ಎಂಬಂತೆ ಅಲ್ಲೇ ನಿಲ್ಲುತ್ತಿತ್ತು. ಆಕಾಶದಲ್ಲಿ ಮೋಡ ಕಾಣಿಸತೊಡಗಿತು. ಅಣ್ಣನ ಊಟ ಕಡಿಮೆಯಾಯಿತು. ಅತ್ತಿಗೆ ಹೊಸ ಹಗ್ಗದ ಸುರುಳಿ ತಂದು ಕಾಣುವ ಹಾಗೆ ಕಿಟಕಿಯಲ್ಲಿ ಇಟ್ಟರು. ಆದರೆ ಆ ಸುರುಳಿ ಬಿಚ್ಚುವ ಆಸೆ ಅವರ ಮುಖದಲ್ಲಿ ನನಗೆ ಕಾಣಲಿಲ್ಲ.

ಒಂದು ಬೆಳಿಗ್ಗೆ ಅಣ್ಣ ಸ್ಪಿರಿಟ್ ತುಂಬುತ್ತಿದ್ದಾಗ ಅತ್ತಿಗೆ ಹೊರಗೆ ಬಂದರು.

"ರೀ, ಹಬೆ ಸಾಲದೆ ಇಲ್ಲಿ ನಿಲ್ಲೋದು, ಅಲ್ಲಿ ಕಲ್ಲಿನ ಹತ್ರ ಹಂಗ್ಯಾಕೆ ಓಡುತ್ತೆ?"

"ಹಬೆ ವಿಷಯ ನನಗೆ ಬಿಡು."

"ಬಿಟ್ಟು ಎರಡು ತಿಂಗಳಾಯ್ತು. ಹುಬ್ಬೂ ಹೋಯ್ತು."

ಅತ್ತಿಗೆ ರೈಲಿನ ಡಬ್ಬಿಯೊಂದನ್ನು ಬಿಡಿಸಿ ಎತ್ತಿಕೊಂಡು ಹೋಗಿ ನಿಂಬೆಗಿಡದ ಬಳಿ ಹಳಿಯ ಮೇಲೆ ಇಟ್ಟು ಕೈ ಬಿಟ್ಟರು. ಡಬ್ಬಿ ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು.

"ಇದರಲ್ಲಿ ಹಬೆ ಇಲ್ವಲ್ಲ," ಎಂದರು ಅತ್ತಿಗೆ.

ಅಣ್ಣ ಸ್ಪಿರಿಟ್ ಬಾಟಲಿ ಕೆಳಗಿಟ್ಟರು. ಡಬ್ಬಿಯನ್ನು ಎತ್ತಿ ತಾವೂ ಇಟ್ಟು ನೋಡಿದರು. ಮತ್ತೆ ಹಿಂದಕ್ಕೇ ಬಂತು. ಅವರು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು.

"ಇನ್ನೊಂದು ಹೇಳ್ಬೇಕು. ಬೈಬಾರದು," ಎಂದರು ಅತ್ತಿಗೆ. ನಾನು ಒಳಗೆ ಹೋಗಲು ತಿರುಗಿದೆ. "ನೀನೂ ಇರು ತಂಗಿ. ಸಾಕ್ಷಿ ತಾನೆ ನೀನು?"

"ಹೇಳು," ಎಂದರು ಅಣ್ಣ.

"ಆಗೆಲ್ಲ ಎರಡೆರಡು ಸಲ ತಟ್ತಿದ್ನಲ್ಲ, ಅದರಲ್ಲಿ ಅರ್ಧಕ್ಕರ್ಧ ನಿಮ್ಮ ಹಬೆ ಸರಿಯಾಗೇ ಇತ್ತು. ನಮ್ಮ ಯಂತ್ರದೊಳಗೆ ಹಬೆ ಬರೋ ಜಾಲರಿ ಕಸ ಕಟ್ಕೊಂಡಿರ್ತಿತ್ತು. ಬಿಚ್ಚಿ ತೊಳೆಯೋಕೆ ಅರ್ಧ ಗಂಟೆ ಬೇಕು. ತಟ್ಟೋಕೆ ಎರಡು ಏಟು ಸಾಕು."

ಎಲ್ಲಿ ಏನು ನಿಂತರೂ ತಪ್ಪು ತಮ್ಮ ಹಬೆಯದೇ ಎಂದು ಅಣ್ಣನಿಗೆ ಯಾಕೆ ಅನ್ನಿಸುತ್ತಿತ್ತೆಂದು ನನಗೆ ಆಗ ತಿಳಿಯಿತು.

"ಮೂವತ್ತೊಂದು ವರ್ಷಾನಾ?"

"ನಾನಿದ್ದದ್ದು ಇಪ್ಪತ್ತಾರೇ."

"ಪ್ರತಿ ಸಲ ಬೆಂಕಿ ಏರಿಸ್ತಿದ್ದೆ ಕಣೆ ನಾನು."

"ಗೊತ್ತು. ಅದಕ್ಕೇ ತಟ್ತಿದ್ದೆ. ಜಾಲರಿ ಕಟ್ಟಿದ್ರೂ ಹೆಂಗೋ ಕೆಲಸ ನಡೀತಿತ್ತು."

ಅಣ್ಣನಿಗೆ ನಗು ಮೊದಲು ಭುಜದಲ್ಲಿ ಬಂತು, ಆಮೇಲೆ ಬಾಯಲ್ಲಿ. ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕರು.

ಅಣ್ಣ ಕರೆಸಿದ ಗಾರೆ ಮೇಸ್ತ್ರಿ ಬಂದು ಮಟ್ಟದ ಪೈಪನ್ನು ಬಿಸಿಲಿಗೆ ಹಿಡಿದು, "ಎರಡನೇ ದಿನ ನೀರು ತುಂಬಿಸಿದಾಗ ಹೀಗೆ ನೋಡಿದ್ರಾ?" ಎಂದು ಕೇಳಿದರು. ನೋಡಿರಲಿಲ್ಲ. ಮೊದಲ ದಿನ ಮೇಸ್ತ್ರಿಯೇ ತುಂಬಿಸಿ ಕೊಟ್ಟಿದ್ದರು. ಮರುದಿನ ಅಣ್ಣ ಸುರುಳಿಯಾಗಿದ್ದ ಪೈಪನ್ನೇ ನಲ್ಲಿಗೆ ಸಿಕ್ಕಿಸಿ ತುಂಬಿಸಿದ್ದರು. "ಒಳಗೆ ಗಾಳಿ ಗುಳ್ಳೆ ಸಿಕ್ಕಿಹಾಕ್ಕೊಂಡ್ರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲಲ್ಲ. ಎಂಟೂ ಕಂಬ ಒಂದು ಬೆರಳು ಜಾಸ್ತಿ ಎತ್ತರ ಆಗಿವೆ ನೋಡಿ." ನಿಂಬೆಗಿಡದ ಬಳಿ ಏರು, ಕಲ್ಲಿನ ಬಳಿ ಇಳಿಜಾರು. ಅಷ್ಟೇ ಸಂಗತಿ.

ಹಳಿ, ಹಲಗೆ ಬಿಚ್ಚಿ ಎಂಟು ಕಂಬಗಳಿಂದ ಒಂದೊಂದು ಬೆರಳು ಕೊಯ್ದು ಮತ್ತೆ ಜೋಡಿಸಲು ಐದು ದಿನ ಹಿಡಿಯಿತು. ಕೊಯ್ದ ಎಂಟು ಕಬ್ಬಿಣದ ಬಳೆಗಳನ್ನು ಅತ್ತಿಗೆ ಎತ್ತಿಟ್ಟುಕೊಂಡರು. ಆರನೆಯ ದಿನ ಬೆಳಿಗ್ಗೆ ಗಾಳಿಗೆ ಮಣ್ಣಿನ ವಾಸನೆ ಬಂದಿತ್ತು. ಅತ್ತಿಗೆ ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡೇ ನಿಂತಿದ್ದರು. ಅಣ್ಣ ದೀಪ ಹಚ್ಚಿ, ಮುಳ್ಳು ಏರುವವರೆಗೆ ಕಾದು, ಹಬೆ ಬಿಟ್ಟು, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

ಬಂಡಿ ಹೊರಟಿತು. ನಿಂಬೆಗಿಡದ ಬಳಿ ನಾವು ಮೂವರೂ ಉಸಿರು ಬಿಗಿಹಿಡಿದೆವು. ಅದು ನಮ್ಮ ಕಡೆ ತಿರುಗಿಯೂ ನೋಡದೆ, ಚುಕ್ ಚುಕ್ ಎಂದು ಅದೇ ನಡಿಗೆಯಲ್ಲಿ ದಾಟಿಹೋಯಿತು. ಕಲ್ಲಿನ ಬಳಿ ಓಡಲೂ ಇಲ್ಲ. ಒಂದು ಸುತ್ತು. ಎರಡು. ಮೂರನೆಯದಕ್ಕೆ ನಾನು ಒಳಗೊಳಗೇ ದೇವರನ್ನು ನೆನೆದೆ. ಇಷ್ಟು ಸಣ್ಣದಕ್ಕೆ ಕರೆಯಬಾರದೇನೋ. ಆದರೆ ಸಣ್ಣದು ದೊಡ್ಡದು ಎಂದು ಅವನು ಬೇರೆ ಮಾಡಿದ್ದನ್ನು ನಾನು ಕಂಡಿಲ್ಲ.

ಮೂರನೆಯ ಸುತ್ತು ಮುಗಿಸಿ ಬಂಡಿ ಅಣ್ಣನ ಎದುರಿಗೇ ಬಂತು. ಅದರ ಹಬೆ ಅವರ ಅಂಗಿಯ ಮುಂಭಾಗವನ್ನು ತೇವ ಮಾಡಿತು. ಅವರು ಹಬೆ ನಿಲ್ಲಿಸಲು ಕೈ ಚಾಚಿದರು. ಮಾತು ಮೂರು ಸುತ್ತಿನದು, ಅದು ಮುಗಿದಿತ್ತು.

ಅತ್ತಿಗೆ ಬುಟ್ಟಿ ಕೆಳಗಿಟ್ಟರು. ಹಲಗೆಯ ಮೇಲಿದ್ದ ಸ್ಪ್ಯಾನರ್ ತೆಗೆದುಕೊಂಡು ಹತ್ತಿರದ ಕಂಬದ ಮೇಲೆ ತಟ್ಟಿದರು.

ಟಣ್ ಟಣ್.

ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡರು. ಬಂಡಿ ನಾಲ್ಕನೆಯ ಸುತ್ತಿಗೆ ಹೊರಟಿತು. ಆ ದಿನದಿಂದ ಅವರ ಮನೆಯ ಬಟ್ಟೆ ನಮ್ಮ ಹಗ್ಗದ ಮೇಲೆ ಒಣಗುತ್ತದೆ.